29,500 ರೂಪಾಯಿ ಕೊಟ್ಟು ದೇಶ ಕೇಳಲು ಹೋಗಿದ್ದೆ

ನಾನು ಐಸಿಯು ಸ್ಟಾಫ್ ನರ್ಸ್. ಊರು ಸಾಗರದ ಹತ್ತಿರ. ಹನ್ನೊಂದು ವರ್ಷದಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಹೊರದೇಶಕ್ಕೆ ಹೋಗುವುದು ಅಂತ 2023ರ ದೀಪಾವಳಿ ಹೊತ್ತಿಗೆ ಮನೆಯಲ್ಲಿ ಗಟ್ಟಿಯಾಗಿತ್ತು. ಯಾವ ದೇಶ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ವಾರ್ಡಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸೌದಿಯಲ್ಲಿ ಎಂಟು ವರ್ಷ ಇದ್ದು ಬಂದ ಸೀನಿಯರ್ ಅಕ್ಕನಿಗೆ ಸೌದಿಯೇ ಸರಿ. ಹೊಸ ಹುಡುಗಿಯರಿಗೆಲ್ಲ ಇಂಗ್ಲೆಂಡ್. ಫಾರ್ಮಸಿಯವರ ತಮ್ಮ ಆಸ್ಟ್ರೇಲಿಯಾದಲ್ಲಿ ಇದ್ದಾನೆ, ಹಾಗಾಗಿ ಅವರಿಗೆ ಆಸ್ಟ್ರೇಲಿಯಾ. ತಲೆ ಕೆಟ್ಟು ಹೋಗಿ, ತಿಳಿದವರನ್ನೇ ಕೇಳೋಣ ಅಂತ ಒಂದು ಇಮಿಗ್ರೇಷನ್ ಕನ್ಸಲ್ಟೆನ್ಸಿಗೆ ಹೋದೆವು. ಆ ಆಫೀಸಿನ ಸೇವೆ ಹೇಗಿತ್ತು, ಆಮೇಲೆ ನಾವೇ ದೇಶ ಆರಿಸಿದ್ದು ಹೇಗೆ ಅಂತ ಬರೆಯುತ್ತಿದ್ದೇನೆ. ಆಫೀಸಿನ ಹೆಸರು ಹಾಕುತ್ತಿಲ್ಲ. ಇದೇ ರೀತಿ ನಡೆಯುವ ಆಫೀಸುಗಳು ಬೇರೆಯೂ ಇವೆ, ಬೋರ್ಡು ಬೇರೆ ಅಷ್ಟೆ.

ಫೀಸು 25,000 ರೂಪಾಯಿ, ಜಿಎಸ್‌ಟಿ ಸೇರಿ 29,500. ನಿಮ್ಮ ಓದು, ವಯಸ್ಸು, ಅನುಭವ ನೋಡಿ ಯಾವ ದೇಶ ಸರಿ ಅಂತ ರಿಪೋರ್ಟ್ ಕೊಡುತ್ತೇವೆ ಅಂದಿದ್ದರು. 2024ರ ಫೆಬ್ರವರಿ 10, ಶನಿವಾರ. ನೈಟ್ ಡ್ಯೂಟಿ ಮುಗಿಸಿ ಸೀದಾ ಹೋಗಿದ್ದೆ. ನಮ್ಮನೆಯವರು ಅರ್ಧ ದಿನ ರಜೆ ಹಾಕಿ ಪೀಣ್ಯದಿಂದ ಬಂದಿದ್ದರು. ಅವರು ಅಲ್ಲಿ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರಿನಿಂದ ನಡೆಯುವ ಲೋಹ ಕೊರೆಯುವ ಮೆಷಿನ್ ನೋಡಿಕೊಳ್ಳುವವರು. ಹದಿನಾಲ್ಕು ವರ್ಷದ ಕೆಲಸ. ತಮ್ಮ ಐಟಿಐ ಅಂಕಪಟ್ಟಿ, ಮೂರು ಕಂಪನಿಯ ಅನುಭವ ಪತ್ರ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ಕೌನ್ಸೆಲರ್ ನಲವತ್ತು ನಿಮಿಷ ಮಾತಾಡಿದರು. ವಯಸ್ಸೆಷ್ಟು, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದಿದ್ದೀರಾ, ಬ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ಬೇಗ ಹೋಗಬೇಕು. ಎಲ್ಲ ಪ್ರಶ್ನೆಯೂ ನನಗೇ. ಪಕ್ಕದಲ್ಲಿ ಕೂತಿದ್ದ ಅವರನ್ನು ಒಂದು ಮಾತೂ ಕೇಳಲಿಲ್ಲ. ಆ ಕವರು ಅವರ ತೊಡೆಯ ಮೇಲೇ ಇತ್ತು, ಬಿಚ್ಚದೆ ಹಾಗೇ ವಾಪಸ್ ತಂದರು. ಬಸ್ಸಿನಲ್ಲಿ ಬರುವಾಗ ನನಗೆ ಅದೇ ಕಾಡುತ್ತಿತ್ತು.

ಐದು ದಿನಕ್ಕೆ ರಿಪೋರ್ಟ್ ಬಂತು. ಹದಿನಾಲ್ಕು ಪುಟ. ನಡುವೆ ಒಂದು ಟೇಬಲ್. ಐದು ದೇಶ, ಒಂದೊಂದಕ್ಕೆ ನೂರಕ್ಕೆ ಇಷ್ಟು ಅಂತ ಅಂಕ. ಇಂಗ್ಲೆಂಡಿಗೆ 86. ನಮ್ಮದೇ ಆಸ್ಪತ್ರೆಯ ಇನ್ನೊಬ್ಬಳು ಅದೇ ತಿಂಗಳು ಇದೇ ಆಫೀಸಿಗೆ ಹೋಗಿದ್ದಳು. ಇಪ್ಪತ್ನಾಲ್ಕು ವರ್ಷ, ಮದುವೆ ಆಗಿಲ್ಲ, ಒಂದೂವರೆ ವರ್ಷದ ಅನುಭವ. ಅವಳ ರಿಪೋರ್ಟಿನಲ್ಲೂ ಇಂಗ್ಲೆಂಡಿಗೆ 86. ಕ್ಯಾಂಟೀನಿನಲ್ಲಿ ಎರಡೂ ರಿಪೋರ್ಟ್ ಅಕ್ಕಪಕ್ಕ ಇಟ್ಟು ನೋಡಿದೆವು. ಮೊದಲ ಪುಟದ ಹೆಸರು ಬಿಟ್ಟರೆ ಟೇಬಲ್ ಪೂರ್ತಿ ಒಂದೇ. ಅವಳಿಗೂ ನನಗೂ ಒಂದೇ ದೇಶ ಒಂದೇ ಅಂಕದಲ್ಲಿ ಸರಿಹೋಗಲು ಹೇಗೆ ಸಾಧ್ಯ? ನನಗೆ ಆಗ ನಾಲ್ಕು ವರ್ಷದ ಮಗಳಿದ್ದಳು, ಊರಿನಲ್ಲಿ ಅತ್ತೆ ಇದ್ದರು, ಜೊತೆಗೆ ಹೊರಡುವ ಗಂಡ ಇದ್ದರು.

ಇದಕ್ಕಿಂತ ದೊಡ್ಡ ತಪ್ಪು ಮುಂದೆ ಆಯಿತು. ನರ್ಸ್ ಆಗಿ ಹೋಗುವುದಕ್ಕೆ ತಡ ಆಗುತ್ತದೆ, ಮೊದಲು ಕೇರ್ ವರ್ಕರ್ (ವಯಸ್ಸಾದವರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವವರು) ಆಗಿ ಹೋಗಿ, ಫ್ಯಾಮಿಲಿಯೂ ಜೊತೆಗೇ ಬರಬಹುದು, ಆಮೇಲೆ ಅಲ್ಲೇ ನರ್ಸ್ ಆಗಿ ಅಂದರು. ವೀಸಾಗೆ ಬೇಕಾಗುವ ಸ್ಪಾನ್ಸರ್‌ಶಿಪ್ ಪತ್ರಕ್ಕೆ ಏಳು ಲಕ್ಷ, ಈ ವಾರವೇ ಎರಡು ಲಕ್ಷ ಅಡ್ವಾನ್ಸ್. ನಾನು ಮನೆಗೆ ಬಂದು ಬ್ರಿಟಿಷ್ ಸರ್ಕಾರದ ವೆಬ್‌ಸೈಟ್ ತೆರೆದು ಕೂತೆ. ಕೇರ್ ವರ್ಕರ್‌ಗಳು ಇನ್ನು ಮುಂದೆ ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ ಅಂತ 2023ರ ಡಿಸೆಂಬರ್ 4ರಂದೇ ಅಲ್ಲಿನ ಸರ್ಕಾರ ಹೇಳಿಯಾಗಿತ್ತು. ಅಂದರೆ ನಾನು ಆ ಕುರ್ಚಿಯಲ್ಲಿ ಕೂರುವ ಎರಡು ತಿಂಗಳ ಮೊದಲು. ಫೋನ್ ಮಾಡಿ ಕೇಳಿದೆ. "ಅದೆಲ್ಲ ಬದಲಾಗುತ್ತೆ ಮೇಡಂ, ನೀವು ಅಡ್ವಾನ್ಸ್ ಹಾಕಿ, ಸೀಟು ಹೋಗಿಬಿಡುತ್ತೆ" ಅಂದರು. ಮಾರ್ಚ್ 11ಕ್ಕೆ ನಿಯಮ ಜಾರಿಗೆ ಬಂತು. ಆಮೇಲೆ 2025ರ ಜುಲೈಯಲ್ಲಿ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ನಾವು ಆ ವಾರ ಅತ್ತೆಯ ಅಡಿಕೆ ದುಡ್ಡು ತಂದು ಕಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಸ್ಪಾನ್ಸರ್‌ಶಿಪ್ ಪತ್ರ ಮಾರುವ ವಸ್ತುವೇ ಅಲ್ಲ. ಅದನ್ನು ಕೆಲಸ ಕೊಡುವವರು ಕೊಡಬೇಕು. ಅದಕ್ಕೆ ರೇಟ್ ಹೇಳಿದವರ ಮುಂದೆ ಇನ್ನೊಂದು ನಿಮಿಷವೂ ಕೂರಬೇಡಿ.

ಒಳ್ಳೆಯದನ್ನೂ ಹೇಳಬೇಕು. ಅದೇ ಆಫೀಸಿನಲ್ಲಿ ಡಾಕ್ಯುಮೆಂಟ್ ನೋಡುವ ಹುಡುಗಿಯೊಬ್ಬಳಿದ್ದಳು. ಯೂನಿವರ್ಸಿಟಿಯಿಂದ ಟ್ರಾನ್‌ಸ್ಕ್ರಿಪ್ಟ್ (ಓದಿದ ವಿಷಯಗಳ ವಿವರ), ರಾಜ್ಯ ನರ್ಸಿಂಗ್ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ನಮ್ಮ ಮೇಲೆ ದೂರಿಲ್ಲ ಅನ್ನುವ ಪತ್ರ), ಅನುಭವ ಪತ್ರದಲ್ಲಿ ವಾರ್ಡಿನ ಹೆಸರು ಮತ್ತು ವಾರಕ್ಕೆ ಎಷ್ಟು ಗಂಟೆ ಕೆಲಸ ಅನ್ನುವುದು ಇರಲೇಬೇಕು, ಪಾಸ್‌ಪೋರ್ಟಿನಲ್ಲೂ ಅಂಕಪಟ್ಟಿಯಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಕೈಯಿಂದ ಬರೆದು ಕೊಟ್ಟಳು. ಆ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ. ಯಾವ ದೇಶಕ್ಕೆ ಹೋದರೂ ಬೇಕಾಗುವ ಕಾಗದಗಳು ಅವು. ನಾನು ಕೊಟ್ಟ ದುಡ್ಡಿಗೆ ನಿಜವಾಗಿ ಸಿಕ್ಕ ಕೆಲಸ ಅದೊಂದೇ.

ಫೀಸು ವಾಪಸ್ ಕೇಳಿದಾಗ ಮೊದಲು ಆಗಲ್ಲ ಅಂದರು. ಎರಡೂ ರಿಪೋರ್ಟಿನ ಫೋಟೋ ಜೋಡಿಸಿ, ಡಿಸೆಂಬರ್ 4ರ ಪ್ರಕಟಣೆಯ ಪ್ರತಿ ಇಟ್ಟು, ಬರವಣಿಗೆಯಲ್ಲಿ ದೂರು ಕಳಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಕೊನೆಗೆ 12,000 ವಾಪಸ್ ಬಂತು. ಉಳಿದದ್ದು ಬರಲಿಲ್ಲ.

ಆಮೇಲೆ ನಾವೇ ಕೂತು ಲೆಕ್ಕ ಹಾಕಿದೆವು. ಇದಕ್ಕೆ ದಾರಿ ತೋರಿಸಿದ್ದು ಅತ್ತೆ. ಯುಗಾದಿಗೆ ಊರಿಗೆ ಹೋದಾಗ ಅವರು ಹೇಳಿದ್ದು ಇಷ್ಟೇ: "ಹೋಗೋದಾದರೆ ಮೂರೂ ಜನ ಹೋಗಿ. ಒಬ್ಬರಲ್ಲಿ ಒಬ್ಬರಿಲ್ಲಿ ಮಾಡ್ಕೋಬೇಡಿ." ಮಾವ ಹರೆಯದಲ್ಲಿ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರಂತೆ. ಹನ್ನೆರಡು ವರ್ಷ ಅತ್ತೆ ಹಾಗೇ ಕಳೆದವರು. ಅವರ ಮಾತಿಗೆ ನಾನು ಎದುರು ಹೇಳಲಿಲ್ಲ. ಹೇಳಬೇಕು ಅಂತ ಅನಿಸಲೂ ಇಲ್ಲ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೆದ ಮೊದಲ ಪ್ರಶ್ನೆ ಸಂಬಳದ್ದಲ್ಲ. ನಮ್ಮನೆಯವರು ಅಲ್ಲಿ ಏನು ಕೆಲಸ ಮಾಡುತ್ತಾರೆ? ಮಗಳ ಸ್ಕೂಲಿಗೆ ಎಷ್ಟಾಗುತ್ತದೆ? ಊರಿನಿಂದ ಫೋನ್ ಬಂದರೆ ರಜೆ ಎಷ್ಟು ಸಿಗುತ್ತದೆ? ಹತ್ತು ವರ್ಷ ಆದಮೇಲೆ ವಾಪಸ್ ಬಂದರೆ ಕಟ್ಟಿದ ಪಿಂಚಣಿ ಏನಾಗುತ್ತದೆ? ಈ ನಾಲ್ಕನ್ನು ಆ ಆಫೀಸು ಕೇಳಲೇ ಇಲ್ಲ.

ಸೌದಿಯ ಬಗ್ಗೆ ಸೀನಿಯರ್ ಅಕ್ಕ ಹೇಳಿದ್ದೆಲ್ಲ ನಿಜ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ದುಡ್ಡು ಉಳಿಯುತ್ತದೆ. ಅವರು ಹಾಗೆ ಉಳಿಸಿಯೇ ಮನೆ ಕಟ್ಟಿ, ತಂಗಿಯ ಮದುವೆ ಮಾಡಿದರು. ಸರ್ಟಿಫಿಕೇಟುಗಳು ನಿಜವೇ ಅಂತ ನೋಡುವ ಡೇಟಾಫ್ಲೋ ವೆರಿಫಿಕೇಷನ್, ನರ್ಸ್‌ಗಳಿಗಿರುವ ಪ್ರೊಮೆಟ್ರಿಕ್ ಪರೀಕ್ಷೆ ಮುಗಿದರೆ ಬೇಗ ಹೋಗಬಹುದು. ಆದರೆ ಅವರು ಹೋಗಿದ್ದು ಒಬ್ಬರೇ. ನೆಲೆ ನಿಲ್ಲುವ ಲೆಕ್ಕ ಅಲ್ಲಿ ಕಷ್ಟ. ಸಾಲ ತೀರಿಸಬೇಕು, ನಾಲ್ಕೈದು ವರ್ಷ ಸಾಕು ಅನ್ನುವವರಿಗೆ ಈಗಲೂ ಅದೇ ಸರಿ ಅಂತ ನಾನೂ ಹೇಳುತ್ತೇನೆ. ಆಸ್ಟ್ರೇಲಿಯಾ ನಮ್ಮ ಕೈಗೆ ದೂರವಾಯಿತು. ಎನ್‌ಕ್ಲೆಕ್ಸ್ ಅನ್ನುವ ನರ್ಸಿಂಗ್ ಪರೀಕ್ಷೆ ಬರೆದ ಮೇಲೆ ಆ ದೇಶಕ್ಕೇ ಹೋಗಿ ಪ್ರಾಕ್ಟಿಕಲ್ ಪರೀಕ್ಷೆ ಕೊಡಬೇಕು, ಆ ಖರ್ಚೆಲ್ಲ ನಮ್ಮದೇ.

ಐರ್ಲೆಂಡ್ ಕಡೆ ಮನಸ್ಸು ತುಂಬ ವಾಲಿತ್ತು. ನರ್ಸ್‌ಗಳು ಅಲ್ಲಿ ಕ್ರಿಟಿಕಲ್ ಸ್ಕಿಲ್ಸ್ ಪಟ್ಟಿಯಲ್ಲಿ, ಅಂದರೆ ದೇಶಕ್ಕೆ ತುಂಬ ಬೇಕಾದ ಕೆಲಸಗಳ ಪಟ್ಟಿಯಲ್ಲಿದ್ದಾರೆ, ಗಂಡನೂ ಕೆಲಸ ಮಾಡಬಹುದು. ಭಾಷೆ ಇಂಗ್ಲಿಷೇ. ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಡಬ್ಲಿನ್‌ನಲ್ಲಿ ಇದ್ದಾಳೆ. ಒಂದು ರಾತ್ರಿ ಅವಳ ಜೊತೆ ಒಂದೂವರೆ ಗಂಟೆ ಮಾತಾಡಿದೆ. ಕೆಲಸದ ಬಗ್ಗೆ ಒಳ್ಳೆಯದೇ ಹೇಳಿದಳು. ಮನೆ ಮಾತ್ರ ಸಿಗುತ್ತಿಲ್ಲ ಅಂತ ಗಂಟಲು ಕಟ್ಟಿ ಹೇಳಿದಳು. ಗಂಡ, ಇಬ್ಬರು ಮಕ್ಕಳು ಇನ್ನೂ ಹಾಸನದಲ್ಲೇ ಇದ್ದಾರೆ. ಇವಳು ಮೂರು ಜನರ ಜೊತೆ ಒಂದು ಮನೆ ಹಂಚಿಕೊಂಡಿದ್ದಾಳೆ. ಫೋನಿನಲ್ಲೇ ತನ್ನ ರೂಮು ತೋರಿಸಿದಳು. ಮಂಚ, ಕಿಟಕಿ, ಮಕ್ಕಳ ಫೋಟೋ. ಅಷ್ಟೇ ಜಾಗ.

ಇಂಗ್ಲೆಂಡಿನಲ್ಲಿ ನರ್ಸ್ ಆಗಿಯೇ ಹೋದರೆ ಫ್ಯಾಮಿಲಿ ಕರೆದುಕೊಂಡು ಹೋಗಬಹುದು, ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಇಂಗ್ಲಿಷಿಗೆ ಓಇಟಿ ಅಥವಾ ಐಇಎಲ್‌ಟಿಎಸ್, ಇಲ್ಲೇ ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಪರೀಕ್ಷೆ, ಅಲ್ಲಿ ಹೋಗಿ ಓಸ್ಕಿ ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ. ದಾರಿ ಸರಿಯಾಗಿಯೇ ಇದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸೇರಿದ ವರ್ಷದಿಂದಲೇ 27 ದಿನ ರಜೆ, ಅದರ ಮೇಲೆ 8 ಸರ್ಕಾರಿ ರಜೆ. ಆದರೆ ಎರಡು ವರ್ಷದಲ್ಲಿ ನಿಯಮಗಳು ಎಷ್ಟು ಸಲ ತಿರುಗಿದವು ಅಂತ ನೋಡಿಯೇ ನಮ್ಮನೆಯವರು ಹಿಂಜರಿದರು.

ಜರ್ಮನಿ ಮೊದಲು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅದನ್ನು ಸೇರಿಸಿದ್ದು ನಮ್ಮನೆಯವರು. ಅವರ ಕಾರ್ಖಾನೆಯ ದೊಡ್ಡ ಮೆಷಿನ್‌ಗಳಲ್ಲಿ ಎರಡು ಜರ್ಮನಿಯವು. "ಆ ಮೆಷಿನ್ ಮಾಡುವ ಊರಲ್ಲಿ ನನಗೂ ಒಂದು ಕೆಲಸ ಸಿಗಲ್ವಾ?" ಅಂದರು. ಅಲ್ಲಿಂದ ಶುರು. ಜರ್ಮನ್ ಸರ್ಕಾರದ್ದೇ ಒಂದು ವೆಬ್‌ಸೈಟ್ ಇದೆ, ಮೇಕ್ ಇಟ್ ಇನ್ ಜರ್ಮನಿ ಅಂತ. ಒಂದು ಪೈಸೆ ಕೊಡದೆ, 29,500ಕ್ಕೆ ಸಿಗದ ಉತ್ತರ ಅಲ್ಲಿ ಸಿಕ್ಕಿತು. ಫ್ಯಾಮಿಲಿ ವೀಸಾದಲ್ಲಿ ಬಂದ ಗಂಡ ಯಾವ ಕೆಲಸ ಬೇಕಾದರೂ ಮಾಡಬಹುದು. ಸರ್ಕಾರಿ ಶಾಲೆಗೆ ಫೀಸಿಲ್ಲ. ಮಗುವಿಗೆ ತಿಂಗಳಿಗೆ 250 ಯೂರೊಗಿಂತ ಸ್ವಲ್ಪ ಜಾಸ್ತಿ ಸರ್ಕಾರವೇ ಕೊಡುತ್ತದೆ. ನನ್ನ ಸರ್ಕಾರಿ ಆರೋಗ್ಯ ವಿಮೆಯಲ್ಲೇ, ಗಂಡನಿಗೆ ಸಂಪಾದನೆ ಶುರುವಾಗುವ ತನಕ ಅವರೂ ಬರುತ್ತಾರೆ, ಮಗಳೂ ಬರುತ್ತಾಳೆ, ಬೇರೆ ಕಂತಿಲ್ಲ. ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ 2017ರಿಂದ ಜಾರಿಯಲ್ಲಿದೆ. ಪಿಂಚಣಿಗೆ ಅರ್ಹತೆ ನೋಡುವಾಗ ಎರಡೂ ದೇಶದ ವರ್ಷಗಳನ್ನು ಸೇರಿಸುತ್ತಾರೆ. ಇದೆಲ್ಲಕ್ಕೂ ಒಂದೇ ಬೆಲೆ: ಭಾಷೆ. ನರ್ಸ್‌ಗೆ ಜರ್ಮನ್ ಭಾಷೆಯ ಬಿ2 ಬೇಕೇ ಬೇಕು, ಎ1, ಎ2, ಬಿ1 ಆದಮೇಲೆ ಬರುವ ನಾಲ್ಕನೇ ಹಂತ ಅದು. ಮೂವತ್ತಮೂರನೇ ವಯಸ್ಸಿನಲ್ಲಿ, ನೈಟ್ ಡ್ಯೂಟಿ ಮಾಡಿಕೊಂಡು, ಹೊಸ ಭಾಷೆ. ಎಂಟು ದಿನ ಯೋಚನೆ ಮಾಡಿದೆ.

2024ರ ಜೂನ್‌ನಲ್ಲಿ ಎ1 ಶುರು ಮಾಡಿದೆ. ಮೊದಲೆರಡು ಹಂತ ಮನೆಯ ಹತ್ತಿರದ ಕ್ಲಾಸು, ಆಮೇಲೆ ಪರೀಕ್ಷೆಗೆ ಇಂದಿರಾನಗರ ಸಿಎಂಎಚ್ ರಸ್ತೆಯಲ್ಲಿರುವ ಜರ್ಮನ್ ಭಾಷೆಯ ಸಂಸ್ಥೆ ಮ್ಯಾಕ್ಸ್‌ಮುಲ್ಲರ್ ಭವನ. ಭಾಷೆ ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಕಷ್ಟವೇ, ಸುಳ್ಳಲ್ಲ. ಆದರೆ ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಹೇಳಿರಲಿಲ್ಲ. "ನನಗೆ ಚಳಿ" ಅನ್ನುವುದಕ್ಕೆ ಅವರು "ಮಿರ್ ಇಸ್ಟ್ ಕಾಲ್ಟ್" ಅನ್ನುತ್ತಾರೆ. ಮಿರ್ ಅಂದರೆ ನನಗೆ. ನಾನು ಅಲ್ಲ, ನನಗೆ. ಇಂಗ್ಲಿಷಿನ ಮೂಲಕ ಕಲಿಯುತ್ತಿದ್ದ ಕ್ಲಾಸಿನ ಅರ್ಧ ಜನ ಇಲ್ಲಿ ತಪ್ಪುತ್ತಿದ್ದರು. ನನಗೆ ಒಂದೇ ಸಲಕ್ಕೆ ಕೂತಿತು. ರೋಗಿ "ನನಗೆ ಬೆನ್ನು ನೋಯುತ್ತೆ" ಅನ್ನುವುದೂ ಅಲ್ಲಿ ನನಗೆ ಅಂತಲೇ ಶುರುವಾಗುತ್ತದೆ. "ಯಾಕೆಂದರೆ" ಅನ್ನುವ ಅವರ "ವೈಲ್" ಬಂದರೆ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ, ನಮ್ಮ ವಾಕ್ಯದ ಹಾಗೆಯೇ. ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ವಿಭಕ್ತಿ ಪ್ರತ್ಯಯಗಳು ಇಪ್ಪತ್ತು ವರ್ಷ ಆದಮೇಲೆ ಕೈಹಿಡಿದವು. ಅವತ್ತು ಕ್ಲಾಸ್ ಮುಗಿದ ಮೇಲೆ ಮೆಟ್ರೋದಲ್ಲಿ ನಿಂತುಕೊಂಡೇ ಕಣ್ಣು ತುಂಬಿ ಬಂತು. ನನ್ನಿಂದ ಆಗುತ್ತದೆ ಅನ್ನುವ ಧೈರ್ಯ ಬಂದಿದ್ದು ಆಗ.

ನಿಜವಾದ ಕಷ್ಟ ಸಂಖ್ಯೆಗಳದ್ದು. ಎಂಬತ್ತೈದನ್ನು ಅವರು "ಐದು ಮತ್ತು ಎಂಬತ್ತು" ಅನ್ನುತ್ತಾರೆ. ಕೇಳಿಸಿಕೊಂಡು ಬರೆಯುವ ಅಭ್ಯಾಸದಲ್ಲಿ ನಾಡಿಬಡಿತ 85 ಅಂತ ಹೇಳಿದ್ದನ್ನು ನಾನು 58 ಅಂತ ಬರೆದಿದ್ದೆ. ಐಸಿಯುನಲ್ಲಿ ಈ ತಪ್ಪು ಆದರೆ? ಎರಡು ತಿಂಗಳು ದಿನಾ ರಾತ್ರಿ ಮಗಳು ಸಂಖ್ಯೆ ಹೇಳುವುದು, ನಾನು ಜರ್ಮನ್‌ನಲ್ಲಿ ಹೇಳಿ ಬರೆಯುವುದು. ಆಮೇಲೆ ಸರಿಹೋಯಿತು. ಬಿ1, ಬಿ2 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಒಂದೊಂದರಲ್ಲೂ ನೂರಕ್ಕೆ 60 ಬರಬೇಕು. ಒಂದು ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ಬಿ2ರಲ್ಲಿ ನನಗೆ ಮಾತಾಡುವ ಭಾಗ ಎರಡನೇ ಸಲಕ್ಕೆ ಆಯಿತು. ಪರೀಕ್ಷೆ ನಡೆಸಿದ ರೀತಿಗೆ ಪೂರ್ತಿ ಅಂಕ ಕೊಡುತ್ತೇನೆ. ಸಮಯಕ್ಕೆ ಸರಿಯಾಗಿ, ಗಡಿಬಿಡಿ ಇಲ್ಲದೆ, ನಮ್ಮನ್ನು ಗೌರವದಿಂದ ಕಂಡರು.

ಕೆಲಸ ಸಿಕ್ಕಿದ್ದು ಸ್ಟುಟ್‌ಗಾರ್ಟ್ ಹತ್ತಿರದ ಆಸ್ಪತ್ರೆಯಲ್ಲಿ. ನರ್ಸ್‌ಗಳಿಂದ ದುಡ್ಡು ತೆಗೆದುಕೊಳ್ಳದೆ ಕೆಲಸಕ್ಕೆ ಸೇರಿಸುವವರಿಗೆ ಜರ್ಮನಿಯಲ್ಲಿ ಒಂದು ಸರ್ಕಾರಿ ಗುರುತು ಕೊಡುತ್ತಾರೆ, ನ್ಯಾಯವಾದ ನೇಮಕಾತಿ ಅಂತ ಅದರ ಅರ್ಥ. ಆ ಗುರುತು ಇದ್ದವರನ್ನೇ ಹುಡುಕಿದೆ. ಖರ್ಚು ಅವರದೇ. ನಮ್ಮ ದೇಶದ ನಿಯಮವೂ ಗೊತ್ತಿರಲಿ. ಹೊರದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರಿಗೆ ವಿದೇಶಾಂಗ ಸಚಿವಾಲಯದ ಲೈಸೆನ್ಸ್ ಬೇಕು. ಅವರು ಕೆಲಸಕ್ಕೆ ಹೋಗುವವರಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಲೈಸೆನ್ಸ್ ಇದೆಯೋ ಇಲ್ಲವೋ ಅಂತ ಆ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು.

ಹೋಗುವವರಿಗೆ ಒಂದು ಮಾತು ಮೊದಲೇ ಹೇಳುತ್ತೇನೆ. ಅಲ್ಲಿ ಹೋದ ತಕ್ಷಣ ಪೂರ್ತಿ ನರ್ಸ್ ಅಲ್ಲ. ನಮ್ಮ ಓದಿನಲ್ಲಿ ಅವರ ಲೆಕ್ಕಕ್ಕೆ ಏನು ಕಡಿಮೆ ಇದೆ ಅಂತ ಒಂದು ಪತ್ರ ಬರುತ್ತದೆ. ಅದನ್ನು ಟ್ರೈನಿಂಗ್ ಮಾಡಿಯೋ ಪರೀಕ್ಷೆ ಬರೆದೋ ತುಂಬಬೇಕು. ಅಲ್ಲಿಯ ತನಕ ಸಂಬಳ ಕಡಿಮೆ. ಕೆಲಸದ ಬಗೆಯೂ ಬೇರೆ. ಇಲ್ಲಿ ಆಯಾ ಅಥವಾ ಮನೆಯವರು ಮಾಡುವ ಸ್ನಾನ, ಊಟ ಮಾಡಿಸುವುದು, ಹಾಸಿಗೆ ಬದಲಿಸುವುದು ಅಲ್ಲಿ ನರ್ಸ್‌ದೇ ಕೆಲಸ. ಇಲ್ಲಿ ನಾವು ಕಣ್ಣುಮುಚ್ಚಿ ಹಾಕುವ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಅಲ್ಲಿ ಹೆಚ್ಚಾಗಿ ಡಾಕ್ಟರೇ ಹಾಕುತ್ತಾರೆ. ಇದು ಗೊತ್ತಿಲ್ಲದೆ ಹೋದವರು ಮನಸ್ಸು ಮುರಿದುಕೊಳ್ಳುತ್ತಾರೆ. ನಾನು ಯೋಚನೆ ಮಾಡಿ ಒಪ್ಪಿದ್ದೇನೆ. ರೋಗಿಯ ಮೈ ಒರೆಸುವಾಗಲೇ ಬೆನ್ನ ಮೇಲಿನ ಗಾಯ ಕಣ್ಣಿಗೆ ಬೀಳುವುದು, ಅಲ್ವಾ?

ಬಾಡಿಗೆ ಮನೆ ಸಿಗುವ ಕಷ್ಟ ಜರ್ಮನಿಯಲ್ಲೂ ಇದೆ. ಮೊದಲು ಆಸ್ಪತ್ರೆಯ ಹಾಸ್ಟೆಲಿನಲ್ಲಿ ನನಗೊಂದು ರೂಮು. ಮೂವರಿಗೆ ಸಾಕಾಗುವ ಮನೆ, ಮೂವರನ್ನು ಸಾಕುವಷ್ಟು ಸಂಬಳ ತೋರಿಸಿದ ಮೇಲೆ ಇವರಿಬ್ಬರಿಗೂ ವೀಸಾ. ಏಳೆಂಟು ತಿಂಗಳು ಬೇರೆ ಇರಬೇಕಾಗುತ್ತದೆ. ಇದನ್ನು ಅತ್ತೆಗೆ ಹೇಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಎಷ್ಟು ತಿಂಗಳು ಅಂತ ಮತ್ತೆ ಮತ್ತೆ ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಂಡರು.

ಆ ಕನ್ಸಲ್ಟೆನ್ಸಿಗೆ ನಾನು ಐದಕ್ಕೆ ಒಂದು ಕೊಡುತ್ತೇನೆ. ಆ ಒಂದು ಕಾಗದಪತ್ರದ ಹುಡುಗಿಗೆ. ನೀವೂ ಇಂಥ ಕಡೆ ಹೋಗುವುದಿದ್ದರೆ ದುಡ್ಡು ಕೊಡುವ ಮೊದಲು ನಿಮ್ಮ ಜೊತೆ ಬರುವವರ ಕಾಗದಗಳನ್ನು ಮೇಜಿನ ಮೇಲೆ ಇಡಿ. ಅವರು ಅದನ್ನು ತೆರೆದು ನೋಡುತ್ತಾರೋ ಇಲ್ಲವೋ ಗಮನಿಸಿ. ನೋಡದಿದ್ದರೆ ಎದ್ದು ಬನ್ನಿ.

ಈಗ ವೀಸಾಗೆ ಕಾಯುತ್ತಿದ್ದೇನೆ. ನಮ್ಮನೆಯವರು ಎ1 ಕಲಿಯುತ್ತಿದ್ದಾರೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ. ಅಕ್ಕಿಗೆ ಡೆರ್ ರೈಸ್, ಉಪ್ಪಿಗೆ ಡಾಸ್ ಜಾಲ್ಟ್ಸ್. ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಗೆ ಡೀ ಮಿಲ್ಶ್. ಇಂಟರ್‌ವ್ಯೂನಲ್ಲಿ ಕೊನೆಗೆ, ನಿಮಗೆ ಏನಾದರೂ ಕೇಳುವುದಿದೆಯಾ ಅಂದಾಗ ನಾನು ಕೇಳಿದ್ದು ರಜೆಯನ್ನು. ವರ್ಷಕ್ಕೆ 30 ದಿನ ಇದೆಯಲ್ಲ, ಮೂರು ವಾರ ಒಟ್ಟಿಗೆ ಸಿಗುತ್ತಾ, ಊರಿನಲ್ಲಿ ಅಡಿಕೆ ಕೊಯ್ಲಿರುತ್ತದೆ, ಅತ್ತೆ ಒಬ್ಬರೇ ಇರುತ್ತಾರೆ ಅಂದೆ. ಅಡಿಕೆಗೆ ಜರ್ಮನ್ ಪದ ನನಗೆ ಗೊತ್ತಿರಲಿಲ್ಲ, ತೋಟದ ಫಸಲು ಅಂದೆ. ಅವರು ಬರೆದುಕೊಂಡರು. ಕ್ರಿಸ್ಮಸ್ ವಾರ ಬಿಟ್ಟು ಜನವರಿಯಲ್ಲಿ ತೆಗೆದುಕೊಳ್ಳಿ ಅಂದರು.